ಹೈ ಇಂಪೆಡೆನ್ಸ್ ಫಾಲ್ಟ್: ಮರ ತಾಗಿದರೂ ಲೈನ್ ಟ್ರಿಪ್ ಆಗದಿರುವುದು ಏಕೆ?

ಕೊಂಬೆ 11 ಕೆವಿ ತಂತಿಗೆ ತಾಗಿದ ಕೂಡಲೇ ಫೀಡರ್ (ಸಬ್‌ಸ್ಟೇಷನ್‌ನಿಂದ ಕರೆಂಟು ತರುವ ಲೈನು) ಟ್ರಿಪ್ ಆಗುತ್ತದೆ, ಅಂದರೆ ತಾನಾಗಿ ಬಂದ್ ಆಗುತ್ತದೆ ಎಂದು ಹಲವರು ನಂಬಿದ್ದಾರೆ. ಎಷ್ಟೋ ಸಲ ಆಗುವುದೇ ಇಲ್ಲ. ಮನೆಗಳಲ್ಲಿ ದೀಪ ಉರಿಯುತ್ತಿರುತ್ತದೆ, ಅತ್ತ ತಂತಿಯ ಸುತ್ತ ಎಲೆ ಕರಟುತ್ತಿರುತ್ತದೆ. ಇದೇ ಹೈ ಇಂಪೆಡೆನ್ಸ್ ಫಾಲ್ಟ್. ಇಂಪೆಡೆನ್ಸ್ ಎಂದರೆ ಕರೆಂಟಿನ ಹರಿವಿಗೆ ಇರುವ ತಡೆ. ದೋಷದ ದಾರಿಯಲ್ಲೇ ಆ ತಡೆ ಹೆಚ್ಚಿದ್ದರೆ ರಿಲೇ (ದೋಷ ಕಂಡರೆ ಲೈನ್ ಬಂದ್ ಮಾಡಿಸುವ ಸಾಧನ) ಗುರುತಿಸುವಷ್ಟು ಕರೆಂಟು ಹರಿಯುವುದಿಲ್ಲ.

ಲೆಕ್ಕ ಹಾಕಿ ನೋಡಿ. 11 ಕೆವಿ ಲೈನಿನ ಒಂದು ಫೇಸ್‌ಗೂ ಭೂಮಿಗೂ ನಡುವೆ ಸುಮಾರು 6,350 ವೋಲ್ಟ್. ಹಸಿ ಮರದ ತಡೆ ಜಾತಿ, ದಪ್ಪ, ತೇವಕ್ಕೆ ತಕ್ಕಂತೆ ಬದಲಾಗುತ್ತದೆ. 20,000 ಓಮ್ ಎಂದಿಟ್ಟುಕೊಂಡರೆ ಹರಿಯುವುದು ಬರೀ 0.32 ಆಂಪಿಯರ್. ಓವರ್‌ಕರೆಂಟ್ ರಿಲೇಯನ್ನು ಲೋಡಿಗಿಂತ (ಗ್ರಾಹಕರು ಮಾಮೂಲಾಗಿ ಎಳೆಯುವ ಕರೆಂಟಿಗಿಂತ) ಮೇಲೆ ಸೆಟ್ ಮಾಡಲೇಬೇಕು. 200 ಆಂಪಿಯರ್ ಸಿಟಿಯ (ಕರೆಂಟು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಮೇಲೆ ಶೇ 20ಕ್ಕೆ ಸೆಟ್ ಆದ, ಭೂಮಿಗೆ ಸೋರುವ ಕರೆಂಟನ್ನು ಹಿಡಿಯುವ ಅರ್ತ್ ಫಾಲ್ಟ್ ರಿಲೇಗೂ 40 ಆಂಪಿಯರ್ ಬೇಕು. ಆದರೆ ಅದೇ 0.32 ಆಂಪಿಯರ್ ಮರದಲ್ಲಿ 2,000 ವಾಟ್ ಶಾಖ ಹುಟ್ಟಿಸುತ್ತದೆ. ಎದೆಯ ಮೂಲಕ 0.1 ಆಂಪಿಯರ್ ಹರಿದರೂ ಸಾವು ಬರಬಹುದು.

ಮುರಿದ ಕೊಂಬೆ ಎರಡು ಫೇಸ್‌ಗಳ ಮೇಲೆ ಅಡ್ಡ ಬಿದ್ದಾಗ ಆಗುವುದೇ ಬೇರೆ. ತಂತಿ ತಾಗಿದ ಎರಡೂ ಕಡೆ ಸಣ್ಣ ಕಿಡಿ, ಹೊಗೆ, ತೊಗಟೆ ಕಪ್ಪಾಗುತ್ತದೆ. ಇದ್ದಿಲಾದ ಭಾಗದಲ್ಲಿ ಕರೆಂಟು ಸುಲಭವಾಗಿ ಹರಿಯುವುದರಿಂದ ಆ ಕಪ್ಪು ಗೆರೆ ಎರಡೂ ತುದಿಯಿಂದ ನಡುವಿನತ್ತ ಬೆಳೆಯುತ್ತದೆ. ಗೆರೆಗಳು ಕೂಡಿದ ಕ್ಷಣ ದೊಡ್ಡ ಆರ್ಕ್ (ಬೆಂಕಿಯಂಥ ಕಿಡಿ), ಆಗ ಮಾತ್ರ ಬ್ರೇಕರ್ ಬಿದ್ದು ಲೈನ್ ಬಂದ್ ಆಗುತ್ತದೆ. ಕೊಂಬೆ ಸುಟ್ಟು ಬಿದ್ದುಹೋದರೆ ಆಟೋ ರಿಕ್ಲೋಸರ್ ಎಂಬ ಸ್ವಿಚ್ ಲೈನನ್ನು ತಾನಾಗಿ ಮತ್ತೆ ಚಾಲೂ ಮಾಡುತ್ತದೆ. ದೋಷ ಉಳಿದಿದ್ದರೆ ಕೆಲವು ಪ್ರಯತ್ನಗಳ ನಂತರ ತಾನಾಗಿ ಮತ್ತೆ ಚಾಲೂ ಆಗದಂತೆ ಲಾಕ್‌ಔಟ್ ಆಗುತ್ತದೆ.

230 ವೋಲ್ಟ್ ಲೈನಿನಲ್ಲಿ ಕೊಂಬೆ ಹೀಗೆ ಇದ್ದಿಲಾಗುವುದು ಅಪರೂಪ. ಅಲ್ಲಿ ಗಾಳಿಗೆ ಕೊಂಬೆ ತಂತಿಗಳನ್ನು ಒಂದಕ್ಕೊಂದು ತಳ್ಳಿ ಶಾರ್ಟ್ ಮಾಡಿಸುತ್ತದೆ.

ತಂತಿ ತುಂಡಾಗುವುದೇ ಎಲ್ಲಕ್ಕಿಂತ ಭಯಂಕರ. ಪದೇಪದೇ ಆಗುವ ಕಿಡಿಗೆ ಎಳೆಗಳು ಒಂದೊಂದಾಗಿ ಕರಗುತ್ತವೆ. ಒಣ ನೆಲಕ್ಕೋ ಡಾಂಬರಿಗೋ ಬಿದ್ದ ತಂತಿಯದೂ ಹೈ ಇಂಪೆಡೆನ್ಸ್ ಫಾಲ್ಟೇ; ಕಿಡಿ ಕಾಣದಿದ್ದರೂ ಅದರಲ್ಲಿ ಕರೆಂಟು ಇರಬಹುದು. ಕನಿಷ್ಠ 10 ಮೀಟರ್ ದೂರವಿರಿ. ಈಗಾಗಲೇ ಹತ್ತಿರವಿದ್ದರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಸಣ್ಣಗೆ ಜರುಗುತ್ತಾ ಆಚೆ ಬನ್ನಿ. ಮರಕ್ಕೆ ತಂತಿ ತಾಗಿದ್ದರೆ ಕಾಂಡವನ್ನೂ ಮುಟ್ಟಬೇಡಿ.

ಸೆನ್ಸಿಟಿವ್ ಅರ್ತ್ ಫಾಲ್ಟ್ ರಿಲೇ ಕೆಲವೇ ಆಂಪಿಯರ್ ಸೋರಿಕೆಯನ್ನು ಹಿಡಿಯುತ್ತದೆ, ಆದರೆ ಮೇಲಿನ 0.32 ಅದಕ್ಕೂ ಸಿಗದಿರಬಹುದು. ಹೀಗಾಗಿ ಲೈನನ್ನು ಕಣ್ಣಾರೆ ನೋಡಿ ಪರೀಕ್ಷಿಸುವುದಕ್ಕೆ ಬದಲಿಲ್ಲ. ಗಮನಿಸಬೇಕಾದ ಗುರುತುಗಳು: ತಂತಿ ಹಾದುಹೋದಲ್ಲಿ ಮಾತ್ರ ಕಂದು ಬಣ್ಣಕ್ಕೆ ತಿರುಗಿದ ಎಲೆಗಳು, ಕಪ್ಪು ಕಲೆಯ ಕೊಂಬೆ, ಮಳೆಯಲ್ಲಿ ಜೋರಾಗುವ ಝುಂಯ್ ಸದ್ದು. ಬೆಳಿಗ್ಗೆ ಅಂತರ ಸರಿಯಿದೆ ಎನಿಸಿದ್ದು ಲೋಡು, ಬಿಸಿಲು ಏರಿದಾಗ ಇರುವುದಿಲ್ಲ. ಕಾದ ತಂತಿ ಜೋತು ಕೊಂಬೆಯ ಮೇಲೆ ಕೂರುತ್ತದೆ.

ಕಡಿಯುವುದು ಲೈನ್‌ಮನ್‌ಗಳ ಕೆಲಸ. ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ) ಪಡೆದು, ಕರೆಂಟಿಲ್ಲವೆಂದು ಡಿಟೆಕ್ಟರ್‌ನಿಂದ ಖಚಿತಪಡಿಸಿಕೊಂಡು, ಕೆಲಸದ ಜಾಗದ ಎರಡೂ ಬದಿ ತಂತಿಯನ್ನು ಅರ್ತ್ ಮಾಡಬೇಕು, ಅಂದರೆ ಭೂಮಿಗೆ ಜೋಡಿಸಬೇಕು. ಏಕೆಂದರೆ ಬಂದ್ ಆದ ಲೈನಿಗೂ ಯಾರದೋ ಜನರೇಟರ್ ಹಿಂದಿನಿಂದ ಕರೆಂಟು ಹರಿಸಬಹುದು. ಮರದ ನೆತ್ತಿ ಸವರಬಾರದು, ಅಲ್ಲಿಂದ ಹತ್ತಾರು ಚಿಗುರು ನೆಟ್ಟಗೆ ತಂತಿಯತ್ತಲೇ ಏಳುತ್ತವೆ. ತಂತಿಯತ್ತ ಬಾಗಿದ ಕೊಂಬೆಯನ್ನು ಅದು ಕವಲೊಡೆದ ಬುಡದಲ್ಲೇ ಕಡಿಯಬೇಕು.