ಬ್ರಾಂಚ್ ಅಳಿಸಿದರೆ ಬರೆದ ಕೋಡ್ ಹೋಗುತ್ತಾ?

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಬಗ್ಗೆ ಶಿರಸಿಯಿಂದ ಓದುಗರೊಬ್ಬರ ಪ್ರಶ್ನೆ: "ಮನೆಯಿಂದಲೇ ಕೆಲಸ ಮಾಡುತ್ತೇನೆ. ನನ್ನ ಬ್ರಾಂಚ್ ಮೇನ್‌ಗೆ ಮರ್ಜ್ ಆಗಿ ವಾರವಾಯಿತು. ಡಿಲೀಟ್ ಮಾಡಲು ಹೋದರೆ, ಪೂರ್ತಿ ಮರ್ಜ್ ಆಗಿಲ್ಲ ಅಂತ ಗಿಟ್ ತಡೆಯುತ್ತದೆ. ಒತ್ತಾಯದಿಂದ ಅಳಿಸಿದರೆ ಬರೆದದ್ದೆಲ್ಲ ಹೋಗುತ್ತಾ?"

ಹೋಗುವುದಿಲ್ಲ.

ಮೇನ್ ಅಂದರೆ ಎಲ್ಲರ ಕೆಲಸ ಬಂದು ಸೇರುವ ಮುಖ್ಯ ಬ್ರಾಂಚ್, ಮರ್ಜ್ ಅಂದರೆ ಅದಕ್ಕೆ ಸೇರಿಸುವುದು. ಬ್ರಾಂಚ್ ಅಂದರೆ ಕೋಡಿನ ಇನ್ನೊಂದು ಪ್ರತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬರೀ ಹೆಸರು. ಸೊಸೈಟಿಯಲ್ಲಿ ಸಾಲಾಗಿ ಇಟ್ಟ ಚಾಲಿ ಅಡಿಕೆ ಚೀಲ ನೋಡಿದ್ದೀರಲ್ವಾ, ಕಮಿಟ್ (ಆವರೆಗಿನ ಕೆಲಸ ಉಳಿಸಿಟ್ಟ ದಾಖಲೆ) ಆ ಚೀಲ, ಬ್ರಾಂಚ್ ಅದಕ್ಕೆ ಕಟ್ಟಿದ ಚೀಟಿ. ಚೀಟಿಯಲ್ಲಿ ಇರುವುದು ಸಾಮಾನ್ಯವಾಗಿ 40 ಅಕ್ಷರದ ಒಂದು ಕಮಿಟ್ ಸಂಖ್ಯೆ, ಅಷ್ಟೇ. ನೀವು ಕಮಿಟ್ ಮಾಡಿದಾಗೆಲ್ಲ ಗಿಟ್ ಆ ಚೀಟಿ ಬಿಚ್ಚಿ ಹೊಸ ಚೀಲಕ್ಕೆ ಕಟ್ಟುತ್ತದೆ, ತನ್ನ ಹಿಂದಿನ ಚೀಲ ಯಾವುದು ಅನ್ನುವುದು ಪ್ರತಿ ಚೀಲದಲ್ಲೂ ಬರೆದಿರುತ್ತದೆ. ಚೀಟಿ ಹರಿದರೆ ಅಡಿಕೆ ಎಲ್ಲಿಗೆ ಹೋದೀತು? ಹುಡುಕುವುದು ಕಷ್ಟ ಆಗುತ್ತದೆ, ಅಷ್ಟೇ.

ಹಾಗಾದರೆ ಗಿಟ್ ತಡೆದದ್ದು ಯಾಕೆ? ಒಂದು ಕಾರಣ, ಮರ್ಜ್ ಸರ್ವರ್‌ನಲ್ಲಿ ಆಗಿರುತ್ತದೆ, ನೀವು ಇನ್ನೂ ಪುಲ್ ಮಾಡಿ ಅಲ್ಲಿನ ಹೊಸದನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ತಂದಿರುವುದಿಲ್ಲ, ನಿಮ್ಮ ಮೇನ್ ಹಳೆಯದೇ ಇರುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಇಲ್ಲದೆ ಕೂತಾಗ ನಮ್ಮ ಕಡೆ ಇದು ಜಾಸ್ತಿ. ಇನ್ನೊಂದು ಕಾರಣ ಸ್ಕ್ವಾಶ್ ಮರ್ಜ್. ನಿಮ್ಮ ಹತ್ತು ಕಮಿಟ್ ಸೇರಿಸಿ ಒಂದೇ ಹೊಸ ಕಮಿಟ್ ಮಾಡಿ ಮೇನ್‌ಗೆ ಹಾಕಿರುತ್ತಾರೆ. ಕೋಡ್ ಅದೇ, ಸಂಖ್ಯೆ ಬೇರೆ. ಗಿಟ್ ಇಲ್ಲಿ ಕೋಡನ್ನು ನೋಡುವುದಿಲ್ಲ, ಕಮಿಟ್‌ಗಳ ಸಾಲನ್ನು ನೋಡುತ್ತದೆ. ಆ ಸಾಲಿನಲ್ಲಿ ನಿಮ್ಮ ಹತ್ತು ಕಾಣದಿದ್ದರೆ ಬೇಡ ಅನ್ನುತ್ತದೆ. ನಿಮ್ಮದು ಈ ಸ್ಕ್ವಾಶ್ ಮರ್ಜ್ ಇರಬೇಕು ಅಂತ ನನಗೆ ಅನಿಸುತ್ತದೆ.

ಮೊದಲು ಪುಲ್ ಮಾಡಿ, ನಿಮ್ಮ ಬದಲಾವಣೆ ಮೇನ್‌ನಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ. ಇದ್ದರೆ ಅಳಿಸುವ ಆದೇಶದಲ್ಲಿ ಸಣ್ಣ ಡಿ (git branch -d) ಬದಲು ದೊಡ್ಡ ಡಿ (git branch -D) ಹಾಕಿ ಅಳಿಸಿ. ಅಳಿಸಿದ ಕೂಡಲೇ ಆ ಕಮಿಟ್ ಸಂಖ್ಯೆಯ ಮೊದಲ ಕೆಲವು ಅಕ್ಷರ ಪರದೆಯಲ್ಲಿ ಬರುತ್ತವೆ, ಬರೆದಿಟ್ಟುಕೊಳ್ಳಿ. ಗಿಟ್ ಬ್ರಾಂಚ್ ಅಂತ ಕೊಟ್ಟು ಒಂದು ಹೆಸರು, ಪಕ್ಕದಲ್ಲಿ ಆ ಸಂಖ್ಯೆ ಹಾಕಿದರೆ ಚೀಟಿ ವಾಪಸ್. ನೆಟ್ ಕೂಡ ಬೇಡ. ಸಂಖ್ಯೆ ಬರೆದಿಡಲು ಮರೆತಿದ್ದರೆ ಗಿಟ್ ರಿಫ್‌ಲಾಗ್ ಕೊಟ್ಟು ಹುಡುಕಿ, ನೀವು ಇದ್ದ ಕಮಿಟ್‌ಗಳ ಪಟ್ಟಿ ಅದು. ಸೆಟ್ಟಿಂಗ್ ಬದಲಿಸದಿದ್ದರೆ ಇಂಥ ಚೀಟಿ ಇಲ್ಲದ ಕಮಿಟ್‌ನ ಗುರುತು ಅಲ್ಲಿ 30 ದಿನ ಇರುತ್ತದೆ.

ಆದರೆ ರಿಫ್‌ಲಾಗ್ ಇರುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಗಾಬರಿಯಲ್ಲಿ ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡಬೇಡಿ, ಅಂದರೆ ಸರ್ವರ್‌ನಿಂದ ಹೊಸದಾಗಿ ಪ್ರತಿ ಇಳಿಸಬೇಡಿ, ಹೊಸ ಕ್ಲೋನ್‌ನಲ್ಲಿ ಆ ಹಳೆಯ ಲಾಗ್ ಸಿಗುವುದಿಲ್ಲ.