ಸೋಯಾಬೀನ್‌ಗೆ ಹೂ ಬರುವ ಕಾಲ: ತಳಿ ಮತ್ತು ಹಗಲಿನ ಅಳತೆ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆ ಸೋಯಾಬೀನ್ ಬೀಜ ಕೊಳ್ಳುವ ರೈತರು ಮೊದಲು ಕೇಳುವುದು ‘ಎಷ್ಟು ದಿನದ ತಳಿ?’ ಎಂದು. ಅಂಗಡಿಯವರು ಹೇಳುವ ಸಂಖ್ಯೆ ಸುಳ್ಳಲ್ಲ. ಆದರೆ ಅದು ಯಾವ ಸೀಮೆಯಲ್ಲಿ, ಯಾವ ಮಳೆಗೆ ಬಿತ್ತಿದಾಗ ಸಿಕ್ಕ ಸಂಖ್ಯೆ ಎಂಬುದನ್ನೂ ಕೇಳಬೇಕು.

ಸೋಯಾಬೀನ್ ಹಗಲು ಕಿರಿದಾದಾಗ ಹೂ ಬಿಡುವ ಬೆಳೆ. ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಸಸ್ಯಗಳ ಈ ಸ್ವಭಾವವನ್ನು ತೋರಿಸಿಕೊಟ್ಟಾಗ ಅವರ ಪ್ರಯೋಗದಲ್ಲಿ ತಂಬಾಕಿನ ಜೊತೆಗೆ ಸೋಯಾಬೀನೂ ಇತ್ತು. (ಗಿಡ ನಿಜವಾಗಿ ಅಳೆಯುವುದು ರಾತ್ರಿಯನ್ನು, ಅನುಕೂಲಕ್ಕೆ ಹಗಲೆನ್ನುತ್ತೇವೆ.) ಇ3 ಮತ್ತು ಇ4 ವಂಶವಾಹಿಗಳಿಂದ ರೂಪುಗೊಳ್ಳುವ, ಬೆಳಕನ್ನು ಗ್ರಹಿಸುವ ಪ್ರೋಟೀನ್‌ಗಳು ಹಗಲು ದೀರ್ಘವಾಗಿರುವವರೆಗೆ ಇ1 ಎಂಬ ವಂಶವಾಹಿಯನ್ನು ಚುರುಕಾಗಿಡುತ್ತವೆ, ಇ1 ಎಲೆಯಲ್ಲಿ ಹೂ ಬಿಡಿಸುವ ವಂಶವಾಹಿಗಳಾದ ಎಫ್‌ಟಿ2ಎ, ಎಫ್‌ಟಿ5ಎಗಳನ್ನು ತಡೆಹಿಡಿಯುವುದರಿಂದ ಹೂ ಬಿಡುವ ಸಂದೇಶ ಕುಡಿಯವರೆಗೆ ಹೋಗುವುದಿಲ್ಲ. ಹಗಲು ಕುಗ್ಗಿದಂತೆ ಈ ತಡೆ ಸಡಿಲಗೊಳ್ಳುತ್ತದೆ. ಬೇಸಿಗೆಯ ಹಗಲು ಬಹಳ ದೀರ್ಘವಾಗಿರುವ ಜಪಾನಿನ ಹೊಕ್ಕೈಡೊದಂಥ ಸೀಮೆಗಳಲ್ಲಿ ಬೆಳೆ ಚಳಿಗೆ ಮೊದಲೇ ಮಾಗುವುದು ಇ1, ಇ3, ಇ4ಗಳು ದುರ್ಬಲಗೊಂಡ ತಳಿಗಳಿಂದ.

ಭೂಮಧ್ಯರೇಖೆಗೆ ಹತ್ತಿರದ ಸೀಮೆಗಳ ತೊಡಕು ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಹಗಲು ಮೊದಲೇ ಕಿರಿದು. ಗಿಡ ಮೊಣಕಾಲೆತ್ತರ ಬರುವ ಮುನ್ನವೇ ಹೂ ಬಿಟ್ಟರೆ ಕಾಯಿ ಹಿಡಿಯಲು ಗೆಣ್ಣುಗಳೇ ಸಾಲವು. ಇ1 ಅನ್ನು ಅದುಮುವ ಜೆ ಎಂಬ ವಂಶವಾಹಿ ಕೆಟ್ಟಿರುವ ತಳಿಗಳಲ್ಲಿ ಕಿರಿದಾದ ಹಗಲಿನಲ್ಲೂ ಹೂ ತಡವಾಗುತ್ತದೆ. ಬ್ರೆಜಿಲಿನಲ್ಲಿ ಈ ಬೆಳೆ ಭೂಮಧ್ಯರೇಖೆಯತ್ತ ಹಬ್ಬಿದ್ದು ಹೀಗೆ ಹೂ ತಡಮಾಡುವ ಗುಣವುಳ್ಳ ತಳಿಗಳ ಬಲದಿಂದ.

ನಮ್ಮ ಸೀಮೆ ಇವೆರಡರ ನಡುವಿನದು. ವರ್ಷದ ಅತಿ ದೀರ್ಘ ಹಗಲು ಇಂದೂರಿನಲ್ಲಿ ಸುಮಾರು 13 ಗಂಟೆ 30 ನಿಮಿಷ, ಸೊಲ್ಲಾಪುರದಲ್ಲಿ ಸುಮಾರು 13 ಗಂಟೆ 10 ನಿಮಿಷ. ಅಂತರ ಅಲ್ಪವೆನಿಸಿದರೂ ಹಗಲಿಗೆ ಹೆಚ್ಚು ಸ್ಪಂದಿಸುವ ತಳಿ ಇಲ್ಲಿ ಬೇಗ ಹೂ ಬಿಡಲು ಅದು ಸಾಕು. ಆದ್ದರಿಂದ ಮಧ್ಯಪ್ರದೇಶದಲ್ಲಿ ರೂಪುಗೊಂಡ ಜೆಎಸ್ 335ರಂಥ ತಳಿಯನ್ನೂ ನಮ್ಮ ಹೊಲದ ಲೆಕ್ಕದಿಂದಲೇ ತೂಗಬೇಕು.

ಮಳೆ ತಡವಾಗಿ ಬಿತ್ತನೆ ಆರಿದ್ರಾದಿಂದ ಪುನರ್ವಸುವಿಗೆ ಜಾರಿದರೂ ಇದೇ ಆಗುತ್ತದೆ: ಹೂ ಬೇಗ, ಗಿಡ ಗಿಡ್ಡ. ಆಗ ಸಾಲಿನ ಅಂತರವನ್ನು 45 ಸೆಂ.ಮೀ.ನಿಂದ 30ಕ್ಕೆ ಇಳಿಸಿ ಬೀಜ ಹೆಚ್ಚಿಸುವುದು ಸರಿಯಾದ ಕ್ರಮ. ದೀರ್ಘಾವಧಿ ತಳಿ ಬಿತ್ತಿ ಎತ್ತರ ಗಳಿಸುವ ಸಲಹೆಯನ್ನು ನಾನು ಕೊಡುವುದಿಲ್ಲ; ನೀರಾವರಿಯಿಲ್ಲದ ಎರೆ ಹೊಲದಲ್ಲಿ ಅದು ಹಿಂಗಾರಿ ಜೋಳಕ್ಕೆ ಬೇಕಾದ ಹಸಿಯನ್ನೇ ತಿಂದುಬಿಡುತ್ತದೆ.