ಸೈಟಿನ ರೇಟು ಎಲ್ಲಿಂದ ಬರುತ್ತದೆ?

"ಜಾಗದ ರೇಟು ಜಾಸ್ತಿ, ಅದಕ್ಕೇ ಫ್ಲಾಟು ದುಬಾರಿ." ಆಸ್ತಿಗೆ ಬೆಲೆ ಕಟ್ಟುವ ಕೆಲಸದಲ್ಲಿರುವ ನಾನು ಅತಿ ಹೆಚ್ಚು ಕೇಳಿದ ಮಾತಿದು. ಲೆಕ್ಕ ನಡೆಯುವುದು ಮಾತ್ರ ಉಲ್ಟಾ.

ಸೈಟು ನೋಡಲು ಬಂದ ಬಿಲ್ಡರ್ ಕೊನೆಯಿಂದ ಶುರು ಮಾಡುತ್ತಾನೆ. ಇಲ್ಲಿ ಎಷ್ಟು ಕಟ್ಟಬಹುದು, ಎಷ್ಟಕ್ಕೆ ಮಾರಬಹುದು? 100 ಬರುತ್ತದೆ ಎನ್ನಿ. ಕಟ್ಟಲು 60, ಬಡ್ಡಿ, ಶುಲ್ಕ ಸೇರಿ 5, ಅವನ ಲಾಭ 15. ಮಿಕ್ಕ 20 ಜಾಗಕ್ಕೆ. ಈಗ ಫ್ಲಾಟಿನ ಬೆಲೆ ಶೇ 10 ಏರಿತು, ಉಳಿದ ಖರ್ಚು ಹಾಗೇ ಇದೆ ಅಂದುಕೊಳ್ಳಿ. ಜಾಗದ 20 ಹೋಗಿ 30 ಆಯಿತು. ಅಂದರೆ ಶೇ 50 ಏರಿಕೆ! ಫ್ಲಾಟು ಶೇ 10 ಇಳಿದರೆ ಜಾಗದ ಬೆಲೆ ಅರ್ಧಕ್ಕೆ ಬೀಳಬೇಕು. ಆದರೆ ಅರ್ಧ ಬೆಲೆಗೆ ಯಾರು ಮಾರುತ್ತಾರೆ? ಬೇಲಿ ಹಾಕಿ ಕಾಯುತ್ತಾರೆ. ಊರಿನ ನಡುವೆಯೇ ಸೈಟುಗಳು ಸುಮ್ನೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ. ನಗರ ಅವನ್ನು ಬಿಟ್ಟು ಹೊರಗಿನ ಹೊಲಗಳ ಕಡೆ ಬೆಳೆಯುತ್ತದೆ. ನೀರಿನ ಪೈಪು, ಚರಂಡಿ, ಬಸ್ಸು ಅದರ ಹಿಂದೆ ಏದುಸಿರು ಬಿಡುತ್ತಾ ಓಡುತ್ತವೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ಧಾನ್ಯದ ವಿಷಯದಲ್ಲಿ ಇದನ್ನು ಕಂಡುಕೊಂಡಿದ್ದ. ಗೇಣಿ ಹೆಚ್ಚಾದ್ದರಿಂದ ಧಾನ್ಯ ತುಟ್ಟಿಯಾಗುವುದಿಲ್ಲ, ಧಾನ್ಯ ತುಟ್ಟಿಯಾದ್ದರಿಂದ ಗೇಣಿ ಏರುತ್ತದೆ ಎಂದ.

ಎರಡು ಮಹಡಿಯ ಬೀದಿಗೆ ಎಂಟು ಮಹಡಿ ಕಟ್ಟಲು ಅನುಮತಿ ಸಿಕ್ಕಿತು ಎನ್ನಿ. ಅಲ್ಲಿರುವುದು ಗಟ್ಟಿಮುಟ್ಟಾದ ಮನೆ, ಒಂದು ಬಿರುಕೂ ಇಲ್ಲ. ಆದರೂ ಕೊಳ್ಳುವವನು ಅದನ್ನು ಕೆಡವಿ ಎಂಟು ಮಹಡಿ ಕಟ್ಟುತ್ತಾನೆ, ಹಾಗಾಗಿ ನನ್ನ ವರದಿಯಲ್ಲಿ ಕಟ್ಟಡದ ಬೆಲೆ ಎಂಬಲ್ಲಿ ಸೊನ್ನೆ ಬರೆಯಬೇಕಾಗುತ್ತದೆ. ಕೆಲವೊಮ್ಮೆ ಕೆಡವುವ ಖರ್ಚನ್ನೂ ಕಳೆಯುತ್ತೇನೆ. ನಿಜ ಹೇಳಬೇಕೆಂದರೆ, ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಮಾಲೀಕರಿಗೆ ಲಾಟರಿ. ಕೆಳಗಿನ ಮನೆಯ ಬಾಡಿಗೆದಾರರು ಬೇರೆ ಮನೆ ಹುಡುಕಲು ಹೊರಡುತ್ತಾರೆ.

ಮೆಟ್ರೋ ವಿಷಯದಲ್ಲೂ ಅಷ್ಟೇ. ರೈಲು ಓಡುವುದು ಎಷ್ಟೋ ವರ್ಷದ ಮೇಲೆ, ಬೆಲೆ ಏರುವುದು ನಕ್ಷೆ ಹೊರಬಿದ್ದಾಗಲೇ. ಹಳಿ ಹಾಕುವುದು ಜನರ ದುಡ್ಡಲ್ಲಿ, ಲಾಭ ಅಕ್ಕಪಕ್ಕದ ಜಾಗದವರಿಗೆ. ಇದು ಯಾವ ನ್ಯಾಯ, ಅಲ್ವಾ? ಹಾಂಗ್‌ಕಾಂಗ್ ಇದಕ್ಕೊಂದು ದಾರಿ ಮಾಡಿಕೊಂಡಿದೆ. ಅಲ್ಲಿ ನಿಲ್ದಾಣದ ಮೇಲೆ, ಪಕ್ಕದಲ್ಲಿ ಕಟ್ಟುವ ಹಕ್ಕನ್ನು ಸರ್ಕಾರ ಮೆಟ್ರೋ ಕಂಪನಿಗೇ ಕೊಡುತ್ತದೆ. ಅದೂ ರೈಲು ಇಲ್ಲದಿದ್ದರೆ ಆ ನೆಲಕ್ಕೆ ಎಷ್ಟು ಬೆಲೆಯೋ ಅಷ್ಟಕ್ಕೆ. ಏರಿದ ಬೆಲೆಯ ಒಂದು ಪಾಲು ಹಳಿಯ ಖರ್ಚಿಗೆ ಒದಗುತ್ತದೆ. ಅಲ್ಲಿ ಹೆಚ್ಚುಕಡಿಮೆ ಎಲ್ಲ ನೆಲವೂ ಸರ್ಕಾರದ್ದೇ, ಜನರ ಬಳಿ ಇರುವುದು ಗುತ್ತಿಗೆ ಮಾತ್ರ. ಹಾಗಾಗಿ ಅವರಿಗೆ ಇದು ಸಲೀಸು.